ನಾನು ಬಿಟ್ಟುಕೊಟ್ಟ ಪೀಠ

ತೊಂಬತ್ತರ ದಶಕದ ಕೊನೆಯಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರಿನ ಮೂರು ಸಣ್ಣ ಸಭೆಗಳಿಗೆ ನಾನೊಬ್ಬನೇ ಪಾದ್ರಿ. ಭಾನುವಾರ ಬೆಳಿಗ್ಗೆ ಒಂದು ಕಡೆ ಆರಾಧನೆ ಮುಗಿಸಿ ಬಸ್ಸು ಹಿಡಿದು ಇನ್ನೊಂದು ಕಡೆ, ಸಂಜೆಗೆ ಮತ್ತೊಂದು ಕಡೆ. ಬೈಬಲಿನ ವೇದಪಾಠ ಓದುವುದೂ ನಾನೇ, ರೋಗಿಗಳನ್ನು ನೋಡಲು ಹೋಗುವುದೂ ನಾನೇ. ದಣಿದಷ್ಟೂ ಒಳಗೊಳಗೇ ಹೆಮ್ಮೆ. ನಾನಿಲ್ಲದಿದ್ದರೆ ಇವರ ಗತಿ ಏನು ಎಂದುಕೊಳ್ಳುತ್ತಿದ್ದೆ.

ಒಂದು ದಿನ ಬೈಂದೂರಿನಲ್ಲಿ ಮದುವೆ ನಡೆಸುತ್ತಿದ್ದಾಗ ಕುಂದಾಪುರದಿಂದ ಫೋನ್ ಬಂತು. ಕೋಡಿ ಕಡೆಯ ನಮ್ಮ ಸಭೆಯ ಮುದುಕರೊಬ್ಬರಿಗೆ ಕೊನೆಗಾಲ, ಬೇಗ ಬರಬೇಕಂತೆ. ಮದುವೆ ಮುಗಿಸಿ, ಬಸ್ಸಿಳಿದು ಓಡಿ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಮಂಚದ ಬಳಿ ಸಭೆಯ ಹೆಂಗಸೊಬ್ಬರು ಕೂತಿದ್ದರು. ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವವರು. ಸಿಪ್ಪೆಯ ಎಣ್ಣೆ ತಾಗಿ ಬೆರಳೆಲ್ಲ ಕಪ್ಪು. ಅಪ್ಪನ ಕೈ ಹಿಡಿದು ಕೊನೆಯ ಪ್ರಾರ್ಥನೆ ಮಾಡಿದವರು ಅವರೇ ಎಂದು ಮಗಳು ಹೇಳಿದಳು.

"ನನಗಾಗಿ ಸ್ವಲ್ಪ ಕಾಯಬಹುದಿತ್ತು" ಎಂದೆ. ಎಂಥ ದಡ್ಡ ಮಾತು!

ಆಕೆ ನನ್ನನ್ನೇ ದಿಟ್ಟಿಸಿದರು. "ನಾನ್ ಬೇಕಾರೆ ಕಾಯ್ಲಕ್ಕ್ ಪಾದ್ರಿಗಳೇ. ನೀವ್ ಬಪ್ಪಲ್ಲಿವರೆಗೆ ಹೋಪ ಜೀವ ಕಾಯತ್ತಾ?"

ಮುಂದಿನ ಭಾನುವಾರ ಕುಂದಾಪುರದ ಸಭೆಯಲ್ಲಿ ಹೇಳಿಯೇಬಿಟ್ಟೆ: ಇನ್ನು ಮೂವರು ನನ್ನ ಜೊತೆ ಸಭೆ ನಡೆಸುತ್ತಾರೆ. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ರಿಕ್ಷಾ ಓಡಿಸುವವರು, ಇನ್ನೊಬ್ಬರು ಆ ಹೆಂಗಸು.

ಆರಾಧನೆ ಮುಗಿದದ್ದೇ ಸಭೆಯ ಹಿರಿಯರೊಬ್ಬರು ಬಾಗಿಲಲ್ಲೇ ತಡೆದರು. "ಬೀಜ ಒಡೆಯುವವಳು ಪೀಠದ ಹತ್ರ ನಿಂತ್ರೆ ಜನ ಎಂತ ಹೇಳುದ್?"

"ಯೇಸು ಸ್ವಾಮಿ ಬಲೆ ಎಳೆಯುವವರನ್ನು ಕರೆದರು. ಅವರ ಕೈ ಮೂಸಿ ನೋಡಿ ಕರೆದರಾ?" ಎಂದೆ.

ಅವರೂ ಇನ್ನೆರಡು ಮನೆಯವರೂ ಬರುವುದು ಬಿಟ್ಟರು. ಚರ್ಚಿನ ಮೇಲಧಿಕಾರಿಗಳಿಗೆ ದೂರು ಹೋಯಿತು. ನನ್ನನ್ನು ಕರೆಸಿ, ತಪ್ಪಾಯಿತೆಂದು ಬರೆದುಕೊಡಿ, ಮೂವರನ್ನೂ ಕೆಳಗಿಳಿಸಿ ಎಂದರು. ಎರಡನ್ನೂ ಮಾಡುವುದಿಲ್ಲ ಎಂದೆ. ಕುರ್ಚಿಯಲ್ಲಿ ಕೂತಿದ್ದ ಅಧಿಕಾರಿ ಕನ್ನಡಕ ತೆಗೆದು, "ಸಭೆ ನಿಮ್ಮದಾ?" ಎಂದು ಕೇಳಿದರು.

"ನನ್ನದಲ್ಲ. ಅದಕ್ಕೇ ಹಂಚಿಕೊಟ್ಟದ್ದು."

ತಿಂಗಳೊಳಗೆ ಘಟ್ಟದ ಮೇಲೆ ವರ್ಗವಾಯಿತು. ನನ್ನ ಜಾಗಕ್ಕೆ ಬೇಗ ಯಾರನ್ನೂ ಕಳಿಸಲಿಲ್ಲ. ಪಾದ್ರಿ ಇಲ್ಲದೆ ಸಭೆ ಒಡೆದು ಹೋಗುತ್ತದೆಂದು ಕೆಲವರು ಕಾದಿದ್ದರೋ ಏನೋ. ಒಡೆಯಲಿಲ್ಲ. ಆ ಮೂವರೇ ನಡೆಸಿಕೊಂಡು ಹೋದರು. ಆ ಹಿರಿಯರ ಹೆಂಡತಿ ಕಾಲು ಮುರಿದು ಮಲಗಿದಾಗ ವಾರವಾರ ಹೋಗಿ ಪ್ರಾರ್ಥನೆ ಮಾಡಿ ಬಂದವರೂ ಆ ಬೀಜ ಒಡೆಯುವ ಹೆಂಗಸೇ. ಹಿರಿಯರು ಮರಳಿ ಬಂದರು. ಉಳಿದೆರಡು ಮನೆಯವರು ಬರಲೇ ಇಲ್ಲ.

ಒಂದು ವರ್ಷದ ಮೇಲೆ ಒಂದು ಭಾನುವಾರ ಹೇಳದೆ ಕೇಳದೆ ಕುಂದಾಪುರಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಆಕೆ ವೇದಪಾಠ ಓದುತ್ತಿದ್ದರು. ಒಂದು ಕಡೆ ತಡವರಿಸಿ, ಬೆರಳಿಟ್ಟು ಸರಿಪಡಿಸಿಕೊಂಡು ಮುಂದೆ ಓದಿದರು. ನಾನಿಲ್ಲದೆಯೂ ಎಲ್ಲ ನಡೆಯುತ್ತಿತ್ತು. ಎದೆಯಲ್ಲಿ ಚುರುಕ್ಕೆಂದಿತು, ಸುಳ್ಳು ಹೇಳುವುದಿಲ್ಲ.

ತಲೆಯೆತ್ತಿದಾಗ ನನ್ನನ್ನು ಕಂಡರು. "ಹ್ವಾಯ್ ಪಾದ್ರಿಗಳೇ, ಅಲ್ಲ್ ಎಂತಕ್ಕೆ ಕೂತದ್ದ್? ಮುಂದ್ ಬನ್ನಿ!"

"ಇಲ್ಲೇ ಇರ್ತೇನೆ. ನೀವು ಓದಿ" ಎಂದೆ. ಅವರು ಓದಿದರು.