ಅಕ್ಕಲಕೋಟೆ ರಸ್ತೆಯಲ್ಲಿ ಸಿಕ್ಕ ಗಾಳಿ

ಪವಾಡದ ಮಾತು ಆಡಿದವರ ಎದುರಿಗೇ ನಕ್ಕುಬಿಡುತ್ತಿದ್ದವಳು ನಾನು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ್ದೇನೆ. ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ನಿವೃತ್ತಿಯಾದ ಮೇಲೆ ನಮ್ಮ ಯಜಮಾನರು ಹಳೆಯ ವ್ಯಾನೊಂದನ್ನು ಕೊಂಡು ಮನೆಯಂತೆ ಮಾಡಿದ್ದರು. ಒಳಗೆ ಮಂಚ, ಒಲೆ, ನೀರಿನ ಟಾಕಿ, ಪುಟ್ಟ ಏಸಿ. ಮಂಚದ ತಲೆದೆಸೆಗೆ ಸಣ್ಣದೊಂದು ಫ್ಯಾನು. ನಾಲ್ಕು ವರ್ಷದ ಹಿಂದೆ, ಜೂನ್ ಮೊದಲಲ್ಲಿ, ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೊರಟಿದ್ದೆವು. ಹಿಂದಿನ ದಿನ ಮಳೆ ಬಿದ್ದು ನೆಲ ಆವಿ ಕಾರುತ್ತಿತ್ತು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂದು ಗಾಡಿ ನಿಂತಿತು. ಏಸಿ, ಫ್ಯಾನು, ದೀಪ ಎಲ್ಲವೂ ಒಮ್ಮೆಗೇ ಬಂದಾದವು.

ಬಿಸಿಲಲ್ಲಿ ಬಾನೆಟ್ ಎತ್ತಿ ಒದ್ದಾಡಿ ಬಂದ ಯಜಮಾನರು, "ತಲಿ ತಿರಗಾಕತ್ತೈತಿ," ಎಂದು ಮಂಚದ ಮೇಲೆ ಕುಸಿದರು. ಸ್ವಲ್ಪ ಹೊತ್ತಿಗೆ ಮಾತು ತೊದಲಿತು. ಮೈ ಕಾದ ಹಂಚಿನಂತಿತ್ತು, ಬೆವರು ನಿಂತುಹೋಗಿತ್ತು. ಬಿಸಿಲ ಹೊಡೆತ ತಲೆಗೇರಿದೆ ಎಂದು ನನಗೆ ಗೊತ್ತಾಯಿತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಮುಕ್ಕಾಲು ಗಂಟೆ ಎಂದರು. ಹೊರಗೆ ಕಣ್ಣು ಹಾಯುವವರೆಗೆ ಒಂದು ಮರವಿಲ್ಲ. ಕಿಟಕಿಗಳನ್ನೆಲ್ಲ ತೆರೆದೆ, ಪರದೆಯ ಅಂಚೂ ಅಲುಗಲಿಲ್ಲ. ಟಾಕಿಯ ನೀರು ಕೈಸುಡುತ್ತಿತ್ತು. ರಸ್ತೆಗಿಳಿದು ಹುಚ್ಚಿಯಂತೆ ಕೂಗಿದೆ.

ಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಬೀರಪ್ಪ ಎಂಬಾತ ಓಡಿಬಂದ. ತನ್ನ ಕ್ಯಾನಿನ ತಣ್ಣೀರಲ್ಲಿ ನಮ್ಮ ಟವೆಲ್ ಅದ್ದಿ ಅವರ ಮೈಗೆ ಹೊದಿಸಿದ.

"ಬರೇ ನೀರಿಗೆ ಆಗೂದಿಲ್ರಿ ಅಕ್ಕಾ, ಗಾಳಿ ಬೇಕು. ಬೀಸ್ರಿ!"

ರಟ್ಟಿನ ತುಂಡು ಹಿಡಿದು ಬೀಸಿದೆ. ತೋಳು ಸೋತು ರಟ್ಟು ಕೈಜಾರಿತು. ಅವರ ಕಣ್ಣು ಮೇಲೆ ಹೋಗುತ್ತಿತ್ತು. ಯಾವ ದೇವರನ್ನೂ ಬೇಡಿಕೊಳ್ಳದ ನಾನು, "ಯಾರಾದರೂ ಸರಿ, ಇವರನ್ನ ಉಳಸ್ರೀ," ಎಂದು ಅತ್ತೆ.

ಆಗ ಫ್ಯಾನು ತಿರುಗತೊಡಗಿತು. ಮೊದಲು ನಿಧಾನಕ್ಕೆ, ಆಮೇಲೆ ಜೋರಾಗಿ.

"ಕರೆಂಟ್ ಬಂತೇನ್ರಿ?" ಬೀರಪ್ಪ ಕೇಳಿದ.

ದೀಪದ ಗುಂಡಿ ಒತ್ತಿದೆ. ಹತ್ತಲಿಲ್ಲ. ಏಸಿಯೂ ಸತ್ತಂತಿತ್ತು. "ಇಲ್ಲೋ ಅಣ್ಣಾ," ಎಂದೆ. ಅವನು ಮತ್ತೇನೂ ಕೇಳದೆ ಟವೆಲ್ ಅದ್ದಿ ಅದ್ದಿ ಹೊದಿಸುತ್ತಲೇ ಇದ್ದ. ಯಜಮಾನರು ಗುಟುಕು ನೀರು ಕುಡಿದರು. ಆಂಬುಲೆನ್ಸಿನವರು ಅವರನ್ನು ಕೆಳಗಿಳಿಸಿದಾಗ ನಾನು ಹಿಂತಿರುಗಿ ನೋಡಿದೆ. ಫ್ಯಾನು ನಿಂತಿತ್ತು.

ವಾರದ ಮೇಲೆ ಸೊಲ್ಲಾಪುರದ ಮೆಕ್ಯಾನಿಕ್ ಒಳಗಿನ ಹಲಗೆ ಬಿಚ್ಚಿದ. ಏಸಿ, ಫ್ಯಾನು, ದೀಪ ಮೂರಕ್ಕೂ ಬ್ಯಾಟರಿಯಿಂದ ಬರುವ ಒಂದೇ ತಂತಿ ನಡುವೆ ಗೇಣುದ್ದ ಉರಿದುಹೋಗಿ ಎರಡು ತುದಿಗಳು ಬೇರೆ ಬೇರೆ ಜೋತಾಡುತ್ತಿದ್ದವು.

"ಗಾಡಿ ನಿಂತ ಮ್ಯಾಲೂ ಫ್ಯಾನ್ ತಿರಗೇತಿ," ಎಂದೆ.

"ಹ್ಯಾಂಗ ತಿರಗತೈತ್ರೀ ಅಕ್ಕಾರ? ಗಾಬರ್ಯಾಗ ನಿಮಗ ಹಂಗ ಕಂಡಿರಬೇಕು," ಎಂದು ಅವನು ನಕ್ಕ.

ಇರಬಹುದು ಎಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಗಾಬರಿಯಿಲ್ಲದ ಬೀರಪ್ಪನಿಗೂ ಅದೇ ಕಂಡಿತ್ತು. ತಂತಿ, ಬ್ಯಾಟರಿ, ಗಾಳಿ, ಎಲ್ಲವನ್ನೂ ಕಾಗದದ ಮೇಲೆ ಬರೆದು ಲೆಕ್ಕ ಹಾಕಿ ನೋಡಿದೆ, ಯಾವುದೂ ಕೂಡಲಿಲ್ಲ. ಒಮ್ಮೆ ಯಜಮಾನರನ್ನೇ ಕೇಳಿದೆ. "ಏನೂ ನೆನಪಿಲ್ಲ. ಮುಖಕ್ಕ ತಂಪ ಗಾಳಿ ಬಡಿಯಾಕತ್ತಿತ್ತು, ಅಷ್ಟ," ಎಂದರು.