ಹೊಸ್ತಿಲಲ್ಲಿ ಹೇಳಿದ ಒಡಪು

ಹೆಣ್ಣು ನೋಡಲು ಶಿರಹಟ್ಟಿಗೆ ಹೋದಾಗ ಅವಲಕ್ಕಿ ತಿಂದೆವು, ಚಹಾ ಕುಡಿದೆವು. ಹುಡುಗಿ ಬಂದು ಕೂತಳು, ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಹೋದಳು. ಅವಳ ಕಾಕಾ ನನ್ನನ್ನು ಕೇಳಿದರು, "ಹುಡುಗಿ ಹೆಂಗ ಅನಿಸಿದ್ಳರಿ?"

"ಇರಬೇಕಾದ್ದೆಲ್ಲಾ ಐತ್ರಿ. ಏನೂ ಕಡಿಮಿ ಇಲ್ಲ," ಅಂದೆ.

ನಾನು ಬೆಟಗೇರಿಯಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳಿಗೆ ವೆಲ್ಡಿಂಗ್ ಮಾಡುವವನು. ಹಳೆ ಟ್ರಾಲಿ ಕೊಳ್ಳುವಾಗ ನಮ್ಮಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಹುಡುಗಿ ಬಾಗಿಲ ಹಿಂದೆ ನಿಂತು ಅದನ್ನು ಕೇಳಿಸಿಕೊಂಡಿದ್ದಳು.

ಮನೆಯವರು ಒಪ್ಪಿದರು. ಅವಳೂ ಬೇಡ ಅನ್ನಲಿಲ್ಲ. ಆದರೆ ನಿಶ್ಚಯವಾದ ಮೇಲೆ ನಾನು ಫೋನ್ ಮಾಡಿದಾಗೆಲ್ಲ ಅವಳ ಅವ್ವನೇ ಎತ್ತಿ, ಊಟ ಆಯಿತೇ ಎಂದು ಕೇಳಿ ಇಡುತ್ತಿದ್ದರು. ನನ್ನ ಅಕ್ಕ ವಿಚಾರಿಸಿ ಖಬರು ತಂದಳು.

"ಸಂತ್ಯಾಗ ಎತ್ತು ನೋಡಿದಂಗ ನೋಡಿದ್ರು ಅಂತ ಅಂದಾಳಂತ."

"ನಾ ಹಲ್ಲ ನೋಡೇ ಇಲ್ಲ," ಅಂದೆ.

ಅಕ್ಕ ಹಣೆಗೆ ಕೈ ಹಚ್ಚಿಕೊಂಡಳು. "ಇನ್ನ ಒಂದ ದಾರಿ ಐತಿ ನೋಡ. ಹೊಸ್ತಿಲದಾಗ ಚಂದಂಗ ಒಡಪ ಹೇಳು. ಇಲ್ಲಂದ್ರ ಆಕಿ ನಿನ್ನ ಕೂಡ ಗೋಡಿ ನೋಡಿಕೋತ ಸಂಸಾರ ಮಾಡತಾಳ."

ನಮ್ಮ ಕಡೆ ಮದುವೆಯಾಗಿ ಮನೆಗೆ ಬಂದಾಗ ಅಕ್ಕ-ತಂಗಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡ ಹೆಂಡತಿಯ ಹೆಸರು, ಹೆಂಡತಿ ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಬರೀ ಹೆಸರು ನಡೆಯುವುದಿಲ್ಲ. ಅದಕ್ಕೊಂದು ಹೋಲಿಕೆ ಹಚ್ಚಿ, ಪ್ರಾಸ ಕೂಡಿಸಿ ಹೇಳಬೇಕು. ಅದೇ ಒಡಪು. ಎರಡಕ್ಷರದ ಹೆಸರಿಗೆ ಇಷ್ಟು ಖಟಿಪಿಟಿ ಯಾಕೆ ಎಂದು ನನಗೆ ಮೊದಲಿಂದಲೂ ಸಿಟ್ಟು.

ಅಕ್ಕ ಒಂದು ಹೇಳಿಕೊಟ್ಟಳು. ಬೆಳ್ಳಿ ಬಟ್ಟಲು, ಅದರಲ್ಲಿ ಕೇಸರಿ ಹಾಲು, ಹಾಲಿನಂಥ ಹೆಂಡತಿ.

"ನಮ್ಮ ಮನ್ಯಾಗ ಬೆಳ್ಳಿ ಬಟ್ಟಲಿಲ್ಲ. ಮತ್ತ ಆಕಿ ಹಾಲಿನಂಗಿಲ್ಲ, ಕಪ್ಪದಾಳ."

"ಯಾರೂ ಬಟ್ಟಲ ತಪಾಸ ಮಾಡಾಕ ಬರಂಗಿಲ್ಲೋ ಮೂಳಾ!"

"ಸುಳ್ಳ ಯಾಕ ಹೇಳಬೇಕು?"

ಅವಳು ಎದ್ದು ಹೋದಳು.

ಮರುದಿನ ಅಂಗಡಿಯಲ್ಲಿ ಮಾಲಕರ ಮುಂದೆ ಇದನ್ನೆಲ್ಲ ಹೇಳಿದೆ. ಅವರನ್ನು ನಾನು ಚಾಚಾ ಅನ್ನುತ್ತೇನೆ. ಅವರು ಬೀಡಿ ಹಚ್ಚಿಕೊಂಡು ಹೊರಗೆ ನಿಂತ ಟ್ರಾಲಿಯ ಕಡೆ ಕೈ ಮಾಡಿದರು.

"ನಿನ್ನಿ ಅದಕ್ಕ ಏನಂದಿ?"

"ಮುದುಕಿ ನರಳಿದಂಗ ನರಳತೈತಿ ಅಂದೆ."

"ಟ್ರಾಲಿಗೆ ಬಾಯಿ ಐತೇನು?"

ನಾನು ತಿರುಗಿ ಟ್ರಾಲಿ ನೋಡಿದೆ.

"ಆ ಹರ್ತಿ ಊರಿನ ಗಿರಾಕಿಗೆ ಏನಂದಿ? ಸಾವಿರ ಸಲ ಹೇಳೇನಿ, ಓವರ್‌ಲೋಡ್ ಮಾಡಬ್ಯಾಡ ಅಂತ ಅಂದಿ. ಎಣಿಸಿಯೇನು ಸಾವಿರ?"

"ಅಂವಗ ತಿಳೀಬೇಕಲ್ಲ ಚಾಚಾ."

"ಹಾಂ. ಆಕಿಗೂ ತಿಳೀಬೇಕು. ನಡಿ, ಗಾಲಿ ಅಚ್ಚು ಹಿಡಿ."

ಅಂದು ದಿನವಿಡೀ ನನ್ನ ಬಾಯಿಯಿಂದ ಏನೇನು ಬರುತ್ತದೆ ಎಂದು ಗಮನಿಸಿದೆ. ಬಿಸಿಲಿಗೆ ತಲೆ ಕಾದ ಹಂಚಾಯಿತು ಅಂದೆ. ವೆಲ್ಡಿಂಗ್ ಮಶೀನು ಇವತ್ತು ಮುನಿಸಿಕೊಂಡಿದೆ ಅಂದೆ. ಗಿರಾಕಿಯೊಬ್ಬನಿಗೆ ಕತ್ತೆ ಅಂದೆ, ಹೋದ ಮೇಲೆ. ಒಂದೂ ಖರೆ ಅಲ್ಲ. ಸುಳ್ಳೂ ಅಲ್ಲ. ಇದು ನನಗೆ ತಲೆನೋವಾಯಿತು, ಆದರೂ ಒಡಪನ್ನು ನಾನೇ ಕಟ್ಟುತ್ತೇನೆ ಎಂದು ಅಕ್ಕನಿಗೆ ಹೇಳಿದೆ. ಅವಳು ದೇವರಿಗೆ ಕೈ ಮುಗಿದಳು.

ಮದುವೆ ಮುಗಿಸಿ ಹೊಂಬಳದ ನಮ್ಮ ಮನೆಗೆ ಬಂದೆವು. ಶಿರಹಟ್ಟಿಯಿಂದ ಅಲ್ಲಿಯವರೆಗೂ ಹುಡುಗಿ ಜೀಪಿನ ಕಿಟಕಿಯ ಹೊರಗೇ ನೋಡುತ್ತಿದ್ದಳು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಅಕ್ಕ ಕೈ ಅಡ್ಡ ಚಾಚಿ ನಿಂತಳು. ಓಣಿಯ ಹೆಂಗಸರೆಲ್ಲ ಸೇರಿದ್ದರು.

"ಹೆಸರ ಹೇಳಪಾ ಮದುಮಗನ!"

ಒಮ್ಮೆ ಕೆಮ್ಮಿ ಹೇಳಿದೆ:

"ಒಂದ ಗಾಲಿ ಟ್ರಾಲಿ ಹೊಂಬಳ ಮುಟ್ಟಂಗಿಲ್ಲ,"

ಆಮೇಲೆ ಅವಳ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ.

"ಇಲ್ಲದ ನಾ ಈ ಹೊಸ್ತಿಲ ದಾಟಂಗಿಲ್ಲ."

ಒಬ್ಬಳು ಅತ್ತೆ ಶುರು ಮಾಡಿದಳು. "ಅಯ್ಯ ನಮ್ಮವ್ವ, ಹೆಂಡ್ತೀನ ಗಾಲಿ ಮಾಡಿದ್ನಲ್ಲೇ!" ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅಕ್ಕ ನನ್ನ ಮುಖ ನೋಡಲಿಲ್ಲ. ಮೊದಲು ಎತ್ತು, ಈಗ ಗಾಲಿ. ಕೆಲಸ ಕೆಟ್ಟಿತು ಅಂದುಕೊಂಡೆ. ಹುಡುಗಿಯ ತಲೆ ಬಗ್ಗಿಯೇ ಇತ್ತು.

"ಈಗ ನೀ ಹೇಳವಾ," ಅಂದಳು ಅಕ್ಕ, ಸಣ್ಣ ದನಿಯಲ್ಲಿ.

ಹುಡುಗಿ ತಲೆ ಎತ್ತಿ ಓಣಿಯ ತುದಿಗೂ ಕೇಳುವ ಹಾಗೆ ಹೇಳಿದಳು:

"ಖಟಕ್ ರೊಟ್ಟಿ ಬಲು ಬಿರುಸು, ಕಡದ್ರ ಸಪ್ಪಳ ಭಾಳ,"

ನನ್ನ ಹೆಸರು ಹೇಳಿದಳು, ಅದಕ್ಕೆ 'ಅವರನ್ನ' ಅಂತ ಹಚ್ಚಿ.

"ಮೊಸರಾಗ ನೆನಿಸಿ ತಿಂತೀನಿ, ಓಣಿ ಎಲ್ಲಾ ಕೇಳ!"

ಈ ಸಲ ನಗು ಮೊದಲಿಗಿಂತ ಜೋರಾಗಿತ್ತು. ಅಕ್ಕ ಅಡ್ಡ ಚಾಚಿದ ಕೈಯನ್ನೇ ಮರೆತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ರೊಟ್ಟಿಯಲ್ಲ ಎಂದು ಹೇಳಬೇಕು ಅನ್ನಿಸಲಿಲ್ಲ. ಹುಡುಗಿ ಸೇರು ಒದ್ದಳು, ಅಕ್ಕಿ ಪಡಸಾಲೆ ತುಂಬ ಚೆಲ್ಲಿತು.

ಒಳಗೆ ಬಂದ ಮೇಲೆ ನನ್ನ ಪಕ್ಕ ಕೂತು, ಮುಖ ನೋಡಿಯೇ ಮೊದಲ ಮಾತು ಆಡಿದಳು.

"ಇರಬೇಕಾದ್ದೆಲ್ಲಾ ಬಂತೇನ್ರಿ?"

"ಬಂತು," ಅಂದೆ.

ಮರುದಿನ ಊಟಕ್ಕೆ ಕೂತಾಗ ನನ್ನ ತಾಟಿನಲ್ಲಿ ಖಟಕ್ ರೊಟ್ಟಿ ಮುರಿದು ಹಾಕಿ ಮೇಲೆ ಮೊಸರು ಸುರಿದಿತ್ತು. ಎದುರಿಗೆ ಅವಳು ನಿಂತಿದ್ದಳು. ನೆನೆಯುವವರೆಗೆ ಕಾದು ತಿಂದೆ.