ನಿಂತುಕೊಂಡು ಪ್ರಯಾಣ ಮಾಡಿದ ರೊಟ್ಟಿ

ಪುಂಜಾಲಕಟ್ಟೆಯ ರೊಟ್ಟಿ ಘಟಕದಲ್ಲಿ ಕಾಂತಿ ಪೇರಿಸಿದ ಅಟ್ಟಿ ಎಂದರೆ ನೂಲು ಹಿಡಿದ ಹಾಗೆ ನೇರ. ಕೋಳಿ ಸಾರಿಗೆ ಮುರಿದು ಹಾಕಿಕೊಳ್ಳುವ ಕೋರಿ ರೊಟ್ಟಿ ಅದು. ಅಕ್ಕಿ ಹಿಟ್ಟನ್ನು ಕಾವಲಿಯ ಮೇಲೆ ತೆಳ್ಳಗೆ ಎಳೆದು, ಗರಿಯಾಗುವ ಮೊದಲೇ ನಡುವೆ ಮಡಚಬೇಕು. ಮಡಿಕೆಯ ಬದಿ ತುಸು ದಪ್ಪ. ಹಾಗಾಗಿ ಒಂದರ ಮಡಿಕೆ ಎಡಕ್ಕೆ ಬಂದರೆ ಮುಂದಿನದರದು ಬಲಕ್ಕೆ ಬರಬೇಕು. ಆಗಲೇ ಅಟ್ಟಿ ವಾಲುವುದಿಲ್ಲ. ನರಿಕೊಂಬಿನಲ್ಲಿ ಅತ್ತೆಯಿಂದ ಕಲಿತ ಈ ಕ್ರಮವನ್ನು ಕಾಂತಿ ಕಾವಲಿ ವಿಭಾಗದ ಎಲ್ಲರ ಕೈಗೂ ಹತ್ತಿಸಿದ್ದಳು.

ಆದರೆ ದುಬೈಯ ಅಂಗಡಿಗೆ ಹೋದ ರೊಟ್ಟಿ ಹುಡಿಯಾಗಿತ್ತು. ಮೂಡುಬಿದಿರೆಯಿಂದ ಬಂದ ಮಾಲಕಿ ರಾಜಮತಿಯಮ್ಮ ದನಿ ಏರಿಸಲಿಲ್ಲ. "ಇನ್ನೊಮ್ಮೆ ಕಳಿಸುವ. ಅದೂ ಹುಡಿಯಾದರೆ ಕಾವಲಿ ನಿಲ್ಲಿಸಿ ಯಂತ್ರದ ಸಣ್ಣ ರೊಟ್ಟಿ ಮಾಡುವ" ಎಂದರು.

ಪ್ಯಾಕಿಂಗಿನವರು ವ್ಯಾನಿನವರನ್ನು ದೂರಿದರು, ವ್ಯಾನಿನವರು ಕಾವಲಿಯವರನ್ನು. ಕಾಂತಿ ಯಾರಲ್ಲೂ ಕೇಳದೆ ರೊಟ್ಟಿಯನ್ನು ದಪ್ಪ ಮಾಡಿದಳು. ವಾರ ಕಳೆಯುವುದರೊಳಗೆ ವ್ಯಾನಿನ ಚಾಲಕ ಲತೇಶ್ ಬೆಳ್ತಂಗಡಿಯ ಹೋಟೆಲಿನವರ ಮಾತು ತಂದ.

"ಕಾಂತಿಯಕ್ಕ, ಊಟ ಮುಗಿದರೂ ನಿಮ್ಮ ರೊಟ್ಟಿ ಸಾರು ಕುಡಿಯುವುದಿಲ್ಲವಂತೆ. ಹಂಚು ಅಗಿದ ಹಾಗೆ ಉಂಟಂತೆ."

"ನೀನು ರಸ್ತೆಯ ಹಂಪಿನಲ್ಲಿ ವ್ಯಾನು ಹಾರಿಸುವುದು ಕಡಿಮೆ ಮಾಡು ಮಾರಾಯ, ಆಮೇಲೆ ನನ್ನ ರೊಟ್ಟಿಯ ಮಾತು."

ರಾಜಮತಿಯಮ್ಮ ಇಬ್ಬರನ್ನೂ ನೋಡಿದರು. ಅವರದು ಮಾಂಸ ಮುಟ್ಟದ ಜೈನ ಮನೆ. "ನಾವು ಬೆಲ್ಲ ಹಾಕಿದ ತೆಂಗಿನ ಹಾಲಿನಲ್ಲಿ ತಿನ್ನುವುದು. ಅದರಲ್ಲೂ ಇದು ಮೆತ್ತಗಾಗಲಿಲ್ಲ. ಮೊದಲಿನ ಹಾಗೇ ತೆಳ್ಳಗೆ ಮಾಡಿ. ಮತ್ತೆ ಮೂರು ವಿಭಾಗದಿಂದ ಒಬ್ಬೊಬ್ಬರು ವ್ಯಾನಿನಲ್ಲಿ ಹೋಗಿ ಬನ್ನಿ."

ಕಾಂತಿ, ಲತೇಶ್ ಜತೆ ಪ್ಯಾಕಿಂಗಿನಿಂದ ರುಕಿಯಾ ಹೊರಟಳು. ಬೆಳ್ತಂಗಡಿಯ ದಾರಿಯಲ್ಲಿ ಒಂದೊಂದು ಹಂಪು ಬಂದಾಗಲೂ ಹಿಂದಿನಿಂದ ಒಣ ಎಲೆ ತುಳಿದಂಥ ಸದ್ದು. ಇಷ್ಟು ವರ್ಷ ರೊಟ್ಟಿ ಮಾಡಿದರೂ ಕಾಂತಿ ಆ ಸದ್ದು ಕೇಳಿರಲಿಲ್ಲ. ಬಿಚ್ಚಿ ನೋಡಿದರೆ, ಮಲಗಿಸಿಟ್ಟ ಕಟ್ಟುಗಳಲ್ಲಿ ಮೇಲಿನವು ಚೆನ್ನಾಗಿದ್ದವು, ಅಡಿಯವು ನುಗ್ಗಾಗಿದ್ದವು.

ಲತೇಶ್ ಮೊದಲು ಹಂಚಿನ ಲಾರಿ ಓಡಿಸಿದವನು. "ಹಂಚನ್ನು ಯಾರಾದರೂ ಮಲಗಿಸುತ್ತಾರಾ? ನಿಲ್ಲಿಸಿ ಲೋಡ್ ಮಾಡುವುದು. ಇದನ್ನೂ ನಿಲ್ಲಿಸುವ" ಎಂದ.

ಕಟ್ಟುಗಳನ್ನು ನಿಲ್ಲಿಸಿಕೊಂಡು ಮೂಡುಬಿದಿರೆಗೆ ಹೋದರು. ಅಲ್ಲಿ ಬಿಚ್ಚಿದಾಗ ಒಂದು ರೊಟ್ಟಿ ಇಡಿಯಾಗಿತ್ತು, ಪಕ್ಕದ್ದರ ಅಂಚು ಉದುರಿತ್ತು. ಆಚೆಯದು ಮತ್ತೆ ಇಡಿ. ರುಕಿಯಾ ಒಂದೊಂದನ್ನೇ ತಿರುಗಿಸಿ ನೋಡಿದಳು.

"ಕಾಂತಿಯಕ್ಕ, ಮಡಿಕೆ ಅಡಿಗೆ ಬಂದದ್ದಕ್ಕೆ ಏನೂ ಆಗಲಿಲ್ಲ. ಬಾಯಿ ತೆರೆದ ಬದಿ ಅಡಿಗೆ ಬಂದದ್ದೆಲ್ಲ ಹೋಯಿತು."

ಕಾಂತಿಗೆ ಅರ್ಥವಾಯಿತು. ಎಡಕ್ಕೊಂದು ಬಲಕ್ಕೊಂದು ಎಂಬ ಅವಳ ಅಟ್ಟಿಯಿಂದಾಗಿಯೇ ಅರ್ಧದಷ್ಟು ರೊಟ್ಟಿ ತೆರೆದ ಅಂಚಿನ ಮೇಲೆ ನಿಂತಿದ್ದವು. ಹಿಂದಿರುಗುವ ದಾರಿಯಲ್ಲಿ, ಪುಂಜಾಲಕಟ್ಟೆ ಹತ್ತಿರ ಬಂದಾಗ ಹೇಳಿದಳು:

"ನಾಳೆಯಿಂದ ಎಲ್ಲ ಮಡಿಕೆ ಒಂದೇ ಬದಿಗೆ ಹಾಕುವ. ಅಟ್ಟಿ ವಾಲಿದರೆ ವಾಲಲಿ. ನಿಲ್ಲಿಸಿದಾಗ ಕಟ್ಟಿನ ಅಡಿ ದಪ್ಪ, ತುದಿ ತೆಳು ಆಗ್ತದೆ. ಮೇಲೆ ಸಡಿಲವಾಗಿ ಅಲ್ಲಾಡುವುದಿಲ್ಲವಾ ರುಕಿಯಾ?"

"ರಟ್ಟಿನ ತುಂಡು ಉಂಟಲ್ಲ. ಅಲ್ಲಿಗೆ ಅದನ್ನು ಸಿಕ್ಕಿಸ್ತೇನೆ."

ಮರುದಿನ ಕಾವಲಿಯ ಬಳಿ ಅಟ್ಟಿಗಳು ಒಂದೇ ಕಡೆಗೆ ವಾಲಿ ನಿಂತವು. ನೋಡಿದವರು ನಕ್ಕರು. ಕಾಂತಿ ಅವನ್ನು ನೇರ ಮಾಡಲು ಹೋಗಲಿಲ್ಲ. ಹಾಗೆ ನಿಲ್ಲಿಸಿ ಕಳಿಸಿದ ಮೇಲೆ ದುಬೈಯಿಂದ ಬಂದ ಫೋಟೊದಲ್ಲಿ ಅಂಗಡಿಯವನು ಇಡೀ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ. ಅವಳ ತೆಳು ರೊಟ್ಟಿಯೇ. ಬೆಳಕಿಗೆ ಹಿಡಿದರೆ ಅವನ ಬೆರಳಿನ ನೆರಳು ಕಾಣುವಷ್ಟು ತೆಳು. ಕಾವಲಿ ಉಳಿಯಿತು.

ಈಚೆಗೆ ಬೇರೆ ಕಂಪೆನಿಯವರು ನೋಡಲು ಬಂದು, ಇದು ಯಾರ ಐಡಿಯಾ ಎಂದು ಕೇಳಿದರು.

"ರೊಟ್ಟಿ ನನ್ನದು" ಎಂದಳು ಕಾಂತಿ. "ನಿಲ್ಲಿಸಿದ್ದು ಈ ಲತೇಶ್. ಯಾವ ಬದಿಗೆ ನಿಲ್ಲಿಸಬೇಕೆಂದು ಕಂಡದ್ದು ರುಕಿಯಾ."

"ಹಂಪು ಸರಕಾರದ್ದು" ಎಂದ ಲತೇಶ್.

ಈಗ ಕಾವಲಿಗೆ ಹೊಸಬರು ಬಂದರೆ ಕಾಂತಿ ಅವರ ಕೈಗೆ ಮೊದಲು ಸೌಟು ಕೊಡುವುದಿಲ್ಲ. ವ್ಯಾನಿನ ಬಾಗಿಲು ತೆಗೆದು, "ಹತ್ತಿ, ಒಂದು ಸುತ್ತು ಹೋಗಿ ಕೇಳಿಕೊಂಡು ಬನ್ನಿ" ಎನ್ನುತ್ತಾಳೆ. ಹೋಗಿ ಬಂದವರು ಹಿಂದಿನಿಂದ ಏನೂ ಸದ್ದು ಕೇಳಿಸಲಿಲ್ಲ ಎಂದರೆ, "ಹಾಗೆ ಸದ್ದು ಬಾರದ ಹಾಗೆಯೇ ಮಡಚಿ ಪೇರಿಸಬೇಕು" ಎಂದು ಸೌಟು ಕೊಡುತ್ತಾಳೆ.